ಟಾಪಿನ ಮೇಲಿನ ನಾಲ್ಕು ದೀಪ

ಭಾಲ್ಕಿ ಸಂತೆಯಲ್ಲಿ ಕೊಂಡ ಒಂಬತ್ತು ಕುರಿಗಳನ್ನು ಪಿಕಪ್ಪಿಗೆ ಹತ್ತಿಸುವಷ್ಟರಲ್ಲಿ ಹೊತ್ತು ಮುಳುಗಿತು. ಎಂಟು ಕುರಿಗಳು ಧೊಂಡಿಬಾನ ಮಾತು ಕೇಳಿ ಹತ್ತಿದವು. ಒಂಬತ್ತನೆಯದು ತವರು ಬಿಟ್ಟು ಹೊರಟ ಮದುಮಗಳ ಹಾಗೆ ಕಾಲೂರಿ ನಿಂತಿತು. ಮಗ ಶಿವಕಾಂತ ಅದನ್ನು ಹಿಂದಿನಿಂದ ನೂಕಿ, ಬಾಗಿಲು ಹಾಕಿ, ಪಡುವಣದ ಕಡೆ ನೋಡಿದ. ತಮ್ಮೂರು ಡಾಬಕಾ ಮುಟ್ಟುವ ತನಕ ಕತ್ತಲಲ್ಲೇ ಗಾಡಿ ಹೊಡೆಯಬೇಕು ಎಂದು ಗೊತ್ತಾಗಿ ಅವನ ಮುಖ ಸಣ್ಣದಾಯಿತು.

ಮೂವತ್ತೆರಡು ವರ್ಷದ ಗಂಡಸು ಕತ್ತಲಿಗೆ ಹೆದರುತ್ತಾನೆ ಎಂದರೆ ಊರವರು ನಗುತ್ತಾರೆ. ಅದಕ್ಕೇ ಅವನು ಯಾರಿಗೂ ಹೇಳಿರಲಿಲ್ಲ. ಎರಡು ತಿಂಗಳ ಹಿಂದೆ ಇದೇ ರಸ್ತೆಯ ನಟ್ಟನಡುವೆ ಒಂದು ಕಬ್ಬಿನ ಟ್ರಾಲಿ ಕೆಟ್ಟು ನಿಂತಿತ್ತು. ಹಿಂದೆ ಕೆಂಪು ದೀಪವಿಲ್ಲ, ಅಡ್ಡ ಇಟ್ಟ ಒಂದು ಕಲ್ಲೂ ಇಲ್ಲ. ಶಿವಕಾಂತ ಬ್ರೇಕು ಒತ್ತಿ ನಿಂತಾಗ ಕಬ್ಬಿನ ತುದಿಗಳು ಗಾಜಿಗೆ ತಗುಲಿ ಅಲುಗಾಡುತ್ತಿದ್ದವು. ಕೂದಲೆಳೆಯಲ್ಲಿ ಉಳಿದ. ಆವತ್ತಿನಿಂದ ಸಂಜೆಯಾದರೆ ಅವನ ಅಂಗೈ ಬೆವರುತ್ತಿತ್ತು.

ಮರುವಾರವೇ ಬೀದರಿಗೆ ಹೋಗಿ ಇರ್ಫಾನನ ಅಂಗಡಿಯಲ್ಲಿ ಪಿಕಪ್ಪಿನ ಟಾಪಿನ ಮೇಲೆ ನಾಲ್ಕು ದೊಡ್ಡ ಎಲ್‌ಇಡಿ ದೀಪ ಹಾಕಿಸಿದ. ಇರ್ಫಾನ ವ್ಯಾಪಾರಿಯಾದರೂ ನಿಯತ್ತಿನವನು.

"ಭಾಯ್, ಹೊಲದ ದಾರಿಗಿ, ಕಚ್ಚಾ ರಸ್ತಾಕ ಇವು ಬೇಶ್ ಅವ. ತಗ್ಗು, ಕಲ್ಲು, ನಾಲಾ ಎಲ್ಲಾ ಕಾಣ್ತಾವ. ಆದ್ರ ಡಾಂಬರ್ ರಸ್ತಾಕ ಬಂದ್ರ ಬಂದ್ ಮಾಡ್ರಿ. ಎದುರಿನವರಿಗಿ ಏನೂ ಕಾಣಂಗಿಲ್ಲ" ಎಂದ.

"ಟ್ರಾಲಿ ಡಾಂಬರ್ ರಸ್ತಾದ ಮ್ಯಾಲೇ ನಿಂತಿತ್ತಲ್ಲ ಇರ್ಫಾನ ಭಾಯ್! ನಾ ಸತ್ತಿದ್ರ ಎದುರಿನವ ಬಂದು ನನ್ನ ಮಕ್ಕಳಿಗಿ ಹಿಟ್ಟು ಹಾಕ್ತಿದ್ನ್ಯಾ?"

ಆ ದೀಪಗಳಿಗೆ ಇರ್ಫಾನ ಬೇರೆಯೇ ಒಂದು ಸ್ವಿಚ್ ಕೂಡಿಸಿ, ಎಲ್ಲಿ ಒತ್ತಬೇಕು ಎಂದು ತೋರಿಸಿಕೊಟ್ಟ. ಶಿವಕಾಂತ ಆ ಸ್ವಿಚ್ಚನ್ನು ಚಾಲೂ ಮಾಡಲಷ್ಟೇ ಕಲಿತ.

ಭಾಲ್ಕಿ ದಾಟಿದೊಡನೆ ಈ ಸಂಜೆಯೂ ಹಾಗೇ ಮಾಡಿದ. ರಸ್ತೆ, ಜಾಲಿಗಿಡ, ಎರಡೂ ಬದಿಯ ತೊಗರಿ ಹೊಲ, ಎಲ್ಲ ಹಗಲಿನಂತೆ ಬೆಳಗಿದವು. ಪಕ್ಕದಲ್ಲಿ ಕೂತ ಧೊಂಡಿಬಾ ಎದುರಿಗೆ ಬಂದವರು ಕೈ ಅಡ್ಡ ಹಿಡಿಯುವುದನ್ನು ನೋಡುತ್ತಿದ್ದ. ಒಬ್ಬ ಸೈಕಲ್ಲಿನವನು ಇಳಿದೇ ನಿಂತುಬಿಟ್ಟ.

ಠಾಣಾ ಕುಶನೂರ ಇನ್ನೂ ಐದಾರು ಕಿಲೋಮೀಟರ್ ಇರುವಾಗ ದೂರದಲ್ಲಿ ಒಂದು ಮೋಟಾರ್ ಸೈಕಲ್ಲಿನ ದೀಪ ಕಂಡಿತು. ಅದು ಒಮ್ಮೆ ಮಿಟುಕಿತು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ. ದೀಪ ಇಳಿಸು ಎಂದು ಕೇಳುವ ರೀತಿ ಅದು. ಇಬ್ಬರು ಕೂತಿದ್ದರು, ಮುಂದಿನವರು ತಲೆ ಬಗ್ಗಿಸಿದ್ದು ಶಿವಕಾಂತನಿಗೆ ಸ್ಪಷ್ಟವಾಗಿ ಕಂಡಿತು. ಸ್ವಿಚ್ ಒಂದು ಗೇಣು ದೂರದಲ್ಲಿತ್ತು. ಹೋಗ್ತಾರೆ ಬಿಡು ಎಂದುಕೊಂಡ.

ಹೋದರು. ಆದರೆ ಕನ್ನಡಿಯಲ್ಲಿ ಹಿಂದಿನ ಕೆಂಪು ದೀಪ ಕಾಣಲಿಲ್ಲ.

"ಆ ಗಾಡಿ ಎಲ್ಲಿ ಹೋತು?" ಎಂದ ಧೊಂಡಿಬಾ.

"ಮೂಲಿ ತಿರುಗಿರಬೇಕು, ಅಪ್ಪಾ."

ಆ ರಸ್ತೆ ಎರಡು ಮೈಲಿ ನೂಲು ಹಿಡಿದಷ್ಟು ನೆಟ್ಟಗಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಶಿವಕಾಂತ ಕಾರಣ ಹುಡುಕತೊಡಗಿದ. ಹಿಂದಿನ ದೀಪ ಕೆಟ್ಟಿರಬಹುದು. ಈ ಕಡೆಯ ಅರ್ಧ ಗಾಡಿಗಳಿಗೆ ಹಿಂದಿನ ದೀಪವೇ ಇರುವುದಿಲ್ಲ. ಹೊಲದ ದಾರಿಗೆ ಇಳಿದಿರಬಹುದು. ನಾನು ಮುಟ್ಟಿಲ್ಲವಲ್ಲ, ಸದ್ದೂ ಆಗಲಿಲ್ಲವಲ್ಲ ಎಂದು ಮತ್ತೆ ಮತ್ತೆ ಹೇಳಿಕೊಂಡ. ತಿರುಗಿ ಹೋದರೆ ಜನ ಸೇರಿರುತ್ತಾರೆ, ಮೊದಲು ಹೊಡೆದು ಆಮೇಲೆ ಕೇಳುತ್ತಾರೆ, ಪೊಲೀಸರು ಗಾಡಿ ಒಯ್ಯುತ್ತಾರೆ. ಹೀಗೆ ಯೋಚಿಸುತ್ತಲೇ ಅವನ ಕಾಲು ಎಕ್ಸಿಲರೇಟರನ್ನು ಇನ್ನಷ್ಟು ಒತ್ತಿತ್ತು.

"ಶಿವಕಾಂತಾ," ಧೊಂಡಿಬಾ ಮುಂದೆ ನೋಡುತ್ತಲೇ ಹೇಳಿದ, "ಅರವತ್ತು ವರ್ಸ ಕುರಿ ಕಾಯ್ದೀನಿ. ಕತ್ಲಾಗ ಕುರಿ ಮಾರಿಗಿ ಬ್ಯಾಟರಿ ಹಿಡಿದ್ರ ಅದು ಹೆಜ್ಜಿ ಕಿತ್ತಂಗಿಲ್ಲ. ನಾಲಾ ಎದುರಿಗಿದ್ರೂ ಗೊತ್ತಾಗಂಗಿಲ್ಲ. ಮನಷ್ಯಾಂದು ಬ್ಯಾರೆ ಕಣ್ಣೇನು?"

"ನಾ ಬೇಕಂತ ಮಾಡೀನೇನಪಾ? ನಂಗೂ ಜೀವದ ಅಂಜಿಕಿ ಅದ!"

"ಅದ. ನಿಂದೊಂದೇ ಜೀವ ಅಂತ ಯಾರ ಹೇಳ್ಯಾರ?"

ಠಾಣಾ ಕುಶನೂರಿನ ದೀಪಗಳು ಕಾಣುತ್ತಿದ್ದವು. ಅಲ್ಲಿ ನಿಂತು ಚಹಾ ಕುಡಿಯುವುದು ಅವರ ರೂಢಿ. ಇವತ್ತು ಶಿವಕಾಂತ ಗಾಡಿ ನಿಲ್ಲಿಸಿ, ಟಾಪಿನ ದೀಪ ಆರಿಸಿ ಬಂದ ದಾರಿಗೇ ತಿರುಗಿಸಿದ.

ಮೆಲ್ಲಗೆ ಹೊಡೆಯುತ್ತ, ರಸ್ತೆಯ ಅಂಚನ್ನೇ ನೋಡುತ್ತ ಬಂದ. ಏನೂ ಇಲ್ಲದಿರಲಿ ದೇವರೇ ಎಂದು ಬೇಡುತ್ತಿದ್ದವನಿಗೆ ಒಂದು ಮೊಬೈಲಿನ ಬೆಳಕು ಮೇಲೆ ಕೆಳಗೆ ಆಡುವುದು ಕಂಡಿತು. ಒಬ್ಬ ಹುಡುಗಿ ರಸ್ತೆಗೆ ಅಡ್ಡ ಬಂದು ನಿಂತಳು. ಮೊಣಕೈಯಿಂದ ರಕ್ತ ಸೋರುತ್ತಿತ್ತು.

"ಅಣ್ಣಾರೆ, ನಿಮ್ಮ ಕಾಲಿಗಿ ಬೀಳ್ತೇನ್ರಿ, ನಿಲ್ಲಸ್ರಿ. ನಮ್ಮಪ್ಪ ಕೆಳಗ ಬಿದ್ದಾರ್ರಿ. ಮೂರು ಗಾಡಿ ನಿಲ್ಲಸಲಾರ್ದೇ ಹೋದವ್ರಿ."

ಅವಳ ಹೆಸರು ಪೂನಮ. ಠಾಣಾ ಕುಶನೂರಿನಲ್ಲಿ ಶಾಲೆಯ ಟೀಚರು. ಬಸ್ಸು ತಪ್ಪಿತೆಂದು ತಂದೆ ಕಾಶೀರಾಮ ಅವಳನ್ನು ಕರೆದೊಯ್ಯಲು ಭಾಲ್ಕಿಯಿಂದ ಬಂದಿದ್ದರು. ಎದುರಿನ ಬೆಳಕಿಗೆ ದಾರಿಯೇ ಕಾಣದೆ ಗಾಡಿ ಸಮೇತ ಇಳಿಜಾರಿಗೆ ಉರುಳಿದ್ದರು. ಅಲ್ಲಿ ಆಳುದ್ದದ ತಗ್ಗು, ಮುಳ್ಳು. ಗಾಡಿಯ ಅಡಿಯಲ್ಲಿ ಕಾಲು ಸಿಕ್ಕಿ ಅವರು ನರಳುತ್ತಿದ್ದರು.

ಶಿವಕಾಂತ ಮೊಬೈಲಿನ ಬೆಳಕಲ್ಲೇ ಇಳಿದು ಗಾಡಿ ಎತ್ತಲು ನೋಡಿದ. ಕಾಲು ಎಲ್ಲಿ ಸಿಕ್ಕಿದೆಯೋ ತಿಳಿಯಲಿಲ್ಲ. ಕಾಶೀರಾಮ "ಅಯ್ಯೋ, ಬ್ಯಾಡ್ರೋ" ಎಂದು ಚೀರಿದರು.

"ಹಿಂಗಾದ್ರ ಕಾಲು ಪೂರಾ ಮುರೀತದ," ಎಂದ ಧೊಂಡಿಬಾ ಮೇಲಿಂದ. "ಗಾಡಿ ಈ ಕಡಿ ತಿರುಗಿಸು. ಮ್ಯಾಲಿನ ದೀಪ ಹಚ್ಚು."

ಶಿವಕಾಂತ ಮೇಲೆ ಹತ್ತಿದ, ಪಿಕಪ್ಪಿನ ಮೂತಿಯನ್ನು ತಗ್ಗಿನ ಕಡೆ ತಿರುಗಿಸಿದ. ಬೆರಳು ಸ್ವಿಚ್ಚಿನ ಮೇಲೆ ನಿಂತುಬಿಟ್ಟಿತು. ಹಚ್ಚಿದರೆ ಹುಡುಗಿಗೆ ಗುರುತು ಸಿಗುತ್ತದೆ. ಹಚ್ಚದಿದ್ದರೆ ದಾರಿಹೋಕನೊಬ್ಬ ದೇವರಂತೆ ಬಂದ ಎಂದು ಆ ಮನೆಯವರು ಬದುಕಿಡೀ ನೆನೆಯುತ್ತಾರೆ. ಕೆಳಗಿನಿಂದ ಕಾಶೀರಾಮರ ನರಳಾಟ ಕೇಳುತ್ತಲೇ ಇತ್ತು. ಒತ್ತಿದ.

ತಗ್ಗಿನ ಒಂದೊಂದು ಮುಳ್ಳೂ ಕಂಡಿತು. ಬ್ರೇಕಿನ ಕಡ್ಡಿ ಪ್ಯಾಂಟಿಗೆ ಹೊಕ್ಕು ಕಾಲನ್ನು ಹಿಡಿದಿತ್ತು. ಶಿವಕಾಂತ ಇಳಿದು ಬಟ್ಟೆ ಹರಿದು, ಗಾಡಿ ಎತ್ತಿ ಅವರನ್ನು ಎಳೆದುಕೊಂಡ. ಪೂನಮ ಅಪ್ಪನ ತಲೆ ಹಿಡಿದುಕೊಂಡೇ ಕಣ್ಣಿಗೆ ಕೈ ಅಡ್ಡ ಮಾಡಿ ಮೇಲೆ ನೋಡಿದಳು. ಒಂದು, ಎರಡು, ಮೂರು, ನಾಲ್ಕು. ಅವಳ ಮುಖ ಬಿಗಿಯಾಯಿತು.

"ಇದೇ ಗಾಡಿ" ಎಂದಳು.

"ಹೌದವ್ವಾ. ನಂದೇ."

ಅವಳು ಬಾಯಿಗೆ ಬಂದದ್ದೆಲ್ಲ ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. "ಮೊದಲು ಅಪ್ಪನ್ನ ಎತ್ರಿ" ಎಂದಳು, ಅಷ್ಟೇ.

ಕಾಶೀರಾಮರನ್ನು ಮಲಗಿಸಲು ಜಾಗ ಬೇಕಿತ್ತು. ಧೊಂಡಿಬಾ ಒಂಬತ್ತೂ ಕುರಿಗಳನ್ನು ಇಳಿಸಿ, ಕಂಬಳಿಯನ್ನು ಗಾಡಿಯೊಳಗೆ ಹಾಸಿಕೊಟ್ಟ. "ನೀ ನಡಿ. ನಾ ಇಲ್ಲೇ ಹೊಲದಾಗ ಕುಂದರ್ತೇನಿ" ಎಂದ. ಪೂನಮ ಹಿಂದೆ ಅಪ್ಪನ ಪಕ್ಕ ಕೂತಳು. ಟಾಪಿನ ದೀಪ ಆರಿಸಿ, ಎದುರಿಗೆ ಯಾರು ಬಂದರೂ ಡಿಪ್ಪರ್ ಇಳಿಸುತ್ತ, ಶಿವಕಾಂತ ಭಾಲ್ಕಿಗೆ ಬಂದ. ದಾರಿಯುದ್ದಕ್ಕೂ ಅವನಿಗೆ ಭಯವಿತ್ತು. ಈ ಸಲ ಹಿಂದೆ ಮಲಗಿದ್ದವರಿಗಾಗಿ.

ಆಸ್ಪತ್ರೆಯಲ್ಲಿ ಕಾಶೀರಾಮರನ್ನು ಒಳಗೆ ಒಯ್ದರು. ಕಾಲಿನ ಎಲುಬು ಮುರಿದಿದೆ, ಜೀವಕ್ಕೆ ಭಯವಿಲ್ಲ ಎಂದರು ಡಾಕ್ಟರು. ಪೂನಮ ಗೋಡೆಗೆ ಒರಗಿ ಮೊದಲ ಸಲ ಅತ್ತಳು. ಅಪಘಾತದ ವಿವರ ಬರೆಯುವಾತ ದೊಡ್ಡ ಪುಸ್ತಕ ತೆರೆದು ಅವಳನ್ನು ಕೇಳಿದ:

"ಹ್ಯಾಂಗಾತ್ರಿ ಅಕ್ಕಾರ? ಗಾಡಿ ನಂಬರ್ ನೋಡೀರಿ? ಇಲ್ಲಂದ್ರ ಅಪರಿಚಿತ ವಾಹನ ಅಂತ ಬರಿತೇನಿ."

ಪೂನಮ ಶಿವಕಾಂತನ ಕಡೆ ನೋಡಿದಳು. ತೋರಿಸಿಕೊಡಲಿಲ್ಲ, ಮುಚ್ಚಿಡಲೂ ಇಲ್ಲ. "ಇವ್ರು ಹೇಳ್ತಾರ್ರಿ" ಎಂದಳು.

ಬಾಗಿಲು ನಾಲ್ಕು ಹೆಜ್ಜೆ ದೂರದಲ್ಲಿ ತೆರೆದೇ ಇತ್ತು. ಶಿವಕಾಂತ ಟೇಬಲ್ಲಿನ ಹತ್ತಿರ ಬಂದು ನಿಂತ.

"ಅಪರಿಚಿತ ಅಂತ ಬರಿಬ್ಯಾಡ್ರಿ, ಸಾಹೇಬ್ರ. ಅಂಗಳದಾಗ ನಿಂತದಲ್ಲ, ಅದೇ ಗಾಡಿ. ಅವ್ರು ಎರಡು ಸಲ ದೀಪ ಇಳಿಸು ಅಂತ ಕೇಳಿದ್ರು, ನಾ ಇಳಸಲಿಲ್ಲ. ಅದೂ ಬರ್ಕೊಳ್ರಿ."