ಹಾವು ಹಸಿರಾದ ದಿನ

ನನ್ನ ಬುದ್ಧಿವಂತಿಕೆಯ ಬಗ್ಗೆ ಯಾರಿಗಾದರೂ ಗೌರವ ಉಳಿದಿದ್ದರೆ, ಇದನ್ನು ಓದಿದ ಮೇಲೆ ಇಳಿದುಹೋಗುತ್ತದೆ. ಕುರಿಟಿಬಾದಲ್ಲಿ ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿದ ಲೌರಿವಾಲ್ ನಾನು. ನಮ್ಮೂರಲ್ಲಿ ಮನುಷ್ಯರು ಎರಡೇ ಜಾತಿ: ಕೆಂಪು-ಕಪ್ಪು ಫುಟ್‌ಬಾಲ್ ತಂಡದವರು, ಹಸಿರು-ಬಿಳಿ ತಂಡದವರು. ನಾನು ಕೆಂಪಿನವನು. ಮನೆಯ ಗೇಟು ಕೆಂಪು, ಟವೆಲ್ಲು ಕೆಂಪು, ನಿವೃತ್ತಿಯಾದ ಮೇಲೆ ಸಾಕುಪ್ರಾಣಿ ಮಾರುವ ಲೈಸೆನ್ಸ್ ಇದ್ದವನೊಬ್ಬನಿಂದ ತಂದ ಹಾವಿನ ಮರಿಯೂ ಕೆಂಪು. ಗಾಜಿನ ಪೆಟ್ಟಿಗೆಯಲ್ಲಿ ಕೊಂಬೆಗೆ ಸುತ್ತಿಕೊಂಡು ಮಲಗುತ್ತಿದ್ದ ಅದಕ್ಕೆ ಬ್ರಾಸಾ, ಅಂದರೆ ಕೆಂಡ, ಎಂದು ಹೆಸರಿಟ್ಟೆ. ಜೊತೆಗೆ ಕೊಟ್ಟ ಕಾಗದಗಳನ್ನು ಓದುವ ಗೋಜಿಗೆ ಹೋಗಲಿಲ್ಲ. ಬಣ್ಣ ಕಣ್ಣಿಗೆ ಕಾಣುತ್ತಿತ್ತಲ್ಲ.

ಮಗಳು ಜುಸಾರಾ ಮಾತ್ರ ಹಸಿರಿನವನನ್ನು ಮದುವೆಯಾದಳು. ಅಳಿಯ ಎವೆರ್ಟನ್ ಪ್ರಾಣಿವೈದ್ಯ, ಮಾತು ಕಡಿಮೆ. ಅದನ್ನೂ ನುಂಗಿಕೊಂಡೆ. ಆದರೆ ಮೊಮ್ಮಗಳು ಹುಟ್ಟಿದ ದಿನ, ಅಂಗೈಯಗಲದ ಕೆಂಪು-ಕಪ್ಪು ಅಂಗಿ ಹಿಡಿದುಕೊಂಡು ಹೆರಿಗೆ ಆಸ್ಪತ್ರೆಗೆ ಓಡಿದರೆ, ಕೋಣೆಯ ಬಾಗಿಲಲ್ಲಿ ಆಗಲೇ ಪುಟ್ಟ ಹಸಿರು ಅಂಗಿ ತೂಗುತ್ತಿತ್ತು. ಮಗು ಯಾವ ತಂಡದ್ದೆಂದು ನಮ್ಮಲ್ಲಿ ಆ ಬಾಗಿಲಲ್ಲಿ ತೂಗುವ ಅಂಗಿಯಿಂದಲೇ ತೀರ್ಮಾನ. ನಾನು ಒಳಗೆ ಕಾಲಿಡಲಿಲ್ಲ.

ಅಳಿಯ ಹೊರಗೆ ಬಂದ. "ಮಾವ, ಮಗು ನೋಡಲ್ವಾ? ಹೋಗ್ಲಿ, ಮನೆಗೆ ಯಾವಾಗ ಬರ್ತೀರ?"

"ನನ್ನ ಹಾವು ಹಸಿರಾದ ದಿನ ಬರ್ತೀನಿ. ಆಣೆ ಮಾಡಿ ಹೇಳ್ತಿದೀನಿ."

ಅವನು ಒಂದು ಗಳಿಗೆ ನನ್ನ ಮುಖ ನೋಡಿದ. "ಯಾವ್ದು, ಆ ಕೊಂಬೆ ಮೇಲೆ ಸುತ್ಕೊಂಡಿರತ್ತಲ್ಲ, ಅದಾ?"

"ಅದೇ."

"ಸರಿ ಮಾವ. ಮಾತು ತಪ್ಪಬಾರ್ದು," ಎಂದು ಕೈ ಕುಲುಕಿದ. ಎಂಥ ಪೆದ್ದನಿಗೆ ಮಗಳನ್ನು ಕೊಟ್ಟೆನಪ್ಪಾ ಅಂದುಕೊಂಡೆ.

ಮಗಳು ಫೋಟೋ ಕಳಿಸುತ್ತಿದ್ದಳು. ಹಸಿರು ಅಂಗಿ ಕಂಡೀತೆಂದು ನಾನು ತೆರೆಯುತ್ತಿರಲಿಲ್ಲ. "ನೀವೇ ಬರ್ಬೇಕು ಅಪ್ಪ. ನಾನಂತೂ ಮಗು ಹೊತ್ಕೊಂಡು ನಿಮ್ಮ ಗೇಟಿಗೆ ಬರಲ್ಲ," ಎಂದಳು ಫೋನಿನಲ್ಲಿ. ಹಟದಲ್ಲಿ ಅವಳು ಯಾರ ಮಗಳೆಂದು ಕೇಳಬೇಕಾಗಿರಲಿಲ್ಲ.

ಆಣೆ ಮಾಡಿದ ಏಳನೇ ತಿಂಗಳಲ್ಲಿ ಬ್ರಾಸಾದ ಬೆನ್ನ ಮೇಲೆ ಹಸಿರು ಚುಕ್ಕೆ ಕಂಡಿತು. ನಮ್ಮೂರ ಥಂಡಿಗೆ ಗೋಡೆಗೇ ಬೂಷ್ಟು ಹಿಡಿಯುತ್ತದೆ, ಹಾವು ಯಾವ ಲೆಕ್ಕ ಎಂದು ಒದ್ದೆ ಹತ್ತಿಯಿಂದ ಉಜ್ಜಿದೆ. ಬೂಷ್ಟು ಹೋಗಲಿಲ್ಲ, ಹೆಬ್ಬೆರಳಿಗೆ ಕಚ್ಚಿಸಿಕೊಂಡೆ; ವಿಷವಿಲ್ಲದ ಹಾವು, ಬಚಾವಾದೆ. ಪೊರೆ ಬಿಟ್ಟಾಗಲೆಲ್ಲ ಹಸಿರು ಹೆಚ್ಚಿತು. ಕೊನೆಗೆ ಪೆಟ್ಟಿಗೆಗೆ ಕೆಂಪು ಬಲ್ಬು ಹಾಕಿದೆ. ಆ ಬೆಳಕಿನಲ್ಲಿ ಹಾವು ಕಪ್ಪಗೆ ಕಂಡಿತು. ಕಪ್ಪೂ ನಮ್ಮ ತಂಡದ ಬಣ್ಣವೇ ಎಂದು ಸಮಾಧಾನ ಮಾಡಿಕೊಂಡೆ.

ವರ್ಷ ತುಂಬಿದ ಮೇಲೆ ಅದು ತಿನ್ನುವುದನ್ನೇ ಬಿಟ್ಟಿತು. ಮೂರು ವಾರ ಇಲಿ ಮುಟ್ಟದಿದ್ದಾಗ ನನಗೆ ನಿಜವಾಗಿ ಹೆದರಿಕೆಯಾಯಿತು. ನಮ್ಮ ಕಡೆ ಹಾವು ನೋಡುವ ವೈದ್ಯ ಒಬ್ಬನೇ. ದಿಂಬಿನ ಚೀಲದಲ್ಲಿ ಹಾವು ಹಾಕಿಕೊಂಡು ಅಳಿಯನ ಕ್ಲಿನಿಕ್ಕಿಗೆ ಹೋದೆ.

ಎವೆರ್ಟನ್ ಅದರ ಬಾಯಿ ತೆರೆದು ನೋಡಿದ, ಹೊಟ್ಟೆ ಸವರಿದ. ಪೆಟ್ಟಿಗೆಯ ಬಗ್ಗೆ ಕೇಳಿದಾಗ ಕೆಂಪು ಬಲ್ಬಿನ ಸಂಗತಿ ಒಪ್ಪಿಕೊಂಡೆ. ಮೇಜಿನ ಮೇಲೆ ಅದು ಗಿಳಿಹಸಿರಾಗಿ ಮಿಂಚುತ್ತಿತ್ತು. "ಏನೂ ಆಗಿಲ್ಲ ಮಾವ. ಆ ಬಲ್ಬು ತೆಗೀರಿ, ತಿನ್ನತ್ತೆ. ಮರಿ ಇದ್ದಾಗ ಕೆಂಪು, ಬೆಳೆದ್ಮೇಲೆ ಹಸಿರು. ಈ ಜಾತೀನೇ ಹಾಗೆ."

"ನಿಂಗೆ ಆವತ್ತೇ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ಯಾಕೆ ಬಾಯಿ ಬಿಡ್ಲಿಲ್ಲ?"

"ಬಿಟ್ಟಿದ್ರೆ ಬೇರೆ ಆಣೆ ಹಾಕ್ತಿದ್ರಿ. ಇದಾದ್ರೆ ಒಂದು ವರ್ಷದಲ್ಲಿ ಮುಗಿಯತ್ತೆ ಅಂತ ಸುಮ್ನಾದೆ." ಹಾವನ್ನು ಚೀಲಕ್ಕೆ ಬಿಟ್ಟು ಗಂಟು ಹಾಕಿದ. "ಭಾನುವಾರ ಮಾಂಸ ಸುಡ್ತೀವಿ. ಬನ್ನಿ."

ಹೋದೆ. ಜುಸಾರಾ ಬಾಗಿಲು ತೆಗೆದಳು. ಹಳದಿ ಫ್ರಾಕಿನ ಮಗು ಅವಳ ಹಿಂದಿನಿಂದ ತಟಪಟ ಹೆಜ್ಜೆಯಿಡುತ್ತ ಬಂದು, ನನ್ನನ್ನು ಕಂಡದ್ದೇ ತಾಯಿಯ ಕಾಲು ತಬ್ಬಿಕೊಂಡು ಅಳತೊಡಗಿತು.

"ನಡೀತಾಳಾ?" ಎಂದೆ.

"ತಿಂಗಳ ಮೇಲಾಯ್ತು ಅಪ್ಪ."

"ಹಲ್ಲು?"

"ಆರು."

ಹಾವು ಯಾವ್ಯಾವ ದಿನ ಪೊರೆ ಬಿಟ್ಟಿತೆಂದು ಕೇಳಿದ್ದರೆ ತಡವರಿಸದೆ ಹೇಳುತ್ತಿದ್ದೆ. ಮೊಮ್ಮಗಳಿಗೆ ಮೊದಲ ಹಲ್ಲು ಬಂದದ್ದು ನನಗೆ ತಿಳಿದಿರಲಿಲ್ಲ. ನಾಚಿಕೆಯಿಂದ ಕಣ್ಣು ತುಂಬಿತು. ಹೊಸ್ತಿಲ ಹೊರಗೇ ಕುಕ್ಕರುಗಾಲಲ್ಲಿ ಕುಳಿತೆ, ಅವಳ ಎತ್ತರಕ್ಕೆ. ಅವಳು ಅಳು ನಿಲ್ಲಿಸಿ ಹತ್ತಿರ ಬರಲು ಬಹಳ ಹೊತ್ತು ಹಿಡಿಯಿತು. ಒಳಗೆ ಮಾಂಸ ಆರುತ್ತಿತ್ತು, ಆದರೂ ಯಾರೂ ನನ್ನನ್ನು ಏಳಿ ಅನ್ನಲಿಲ್ಲ.