ಇಳಿದು ಹೋಗಿ

ವೇಣೂರಿನಿಂದ ಕಕ್ಕಿಂಜೆಯವರೆಗೆ ಡಾಮರು ಹೆಚ್ಚು ಮುಟ್ಟದೆ ಸೈಕಲಿನಲ್ಲಿ ಹೋಗುವ ದಾರಿ ನನಗೆ ಗೊತ್ತುಂಟು. ಅದೇನು ದೊಡ್ಡ ವಿದ್ಯೆಯಲ್ಲ. ನಲವತ್ತೊಂದು ವರ್ಷ ಸೈಕಲಿನ ಹಿಂದೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ತಿರುಗಿದ್ದೇನೆ. ಪ್ರಾಯ ಇದ್ದಾಗ ಕಕ್ಕಿಂಜೆಯವರೆಗೂ ತುಳಿದದ್ದುಂಟು. ಮತ್ತೆ ಡಾಮರು ಬಂದ ಕಡೆಗೆಲ್ಲ ಸ್ಕೂಟರಿನವರು ಬಂದರು, ಅವರ ಹಿಂದೆ ಮೈಕು ಕಟ್ಟಿದ ಆಟೋದವರು ಬಂದರು. ನನಗೆ ಉಳಿದದ್ದು ಗೋಳಿಪದವಿನ ಚರಳು ಕಲ್ಲಿನ ದಾರಿ, ರಬ್ಬರು ತೋಟದ ನಡುವಿನ ಮಣ್ಣು ದಾರಿ, ಅದರ ಕೊನೆಗೆ ಗುಡ್ಡದ ಕೆಳಗಿನ ನಾಲ್ಕು ಮನೆ.

ಆ ನಾಲ್ಕು ಮನೆಗೆ ಹೋಗಬೇಕಾದರೆ ನೋಣಯ್ಯನವರ ಅಂಗಳ ದಾಟಬೇಕು. ದಾರಿ ಗುಡ್ಡದ ಮೇಲಿನ ಪದವಿನಿಂದ ಇಳಿದು ನೇರ ಅವರ ಅಂಗಳಕ್ಕೆ ಬರುತ್ತದೆ, ತುಳಸಿಕಟ್ಟೆಯ ಪಕ್ಕದಲ್ಲಿ ಹಾದು ಆಚೆ ಕೆಳಗೆ ಹೋಗುತ್ತದೆ. ಬೇರೆ ದಾರಿ ಇಲ್ಲದಿಲ್ಲ. ಕಲ್ಲಿನ ಕೋರೆಯ ಹಿಂದಿನಿಂದ ಸುತ್ತಿ ಬಂದರೆ ಆರು ಕಿಲೋಮೀಟರು, ಎರಡು ದೊಡ್ಡ ಏರು. ಎಪ್ಪತ್ತೊಂದರ ಮೊಣಕಾಲಿಗೆ ಅದು ದಾರಿಯಲ್ಲ. ಆ ಅಂಗಳ ತಪ್ಪಿದರೆ ನಾಲ್ಕು ಮನೆ ತಪ್ಪುತ್ತದೆ, ನಾಲ್ಕು ಮನೆ ತಪ್ಪಿದರೆ ಸೈಕಲು ಗೋಡೆಗೆ ಒರಗುತ್ತದೆ.

ಮೊದಲ ಸಲ ನಾನು ಆ ಅಂಗಳಕ್ಕೆ ತುಳಿದುಕೊಂಡೇ ಬಂದಿದ್ದೆ. ಮೂವತ್ತರ ಪ್ರಾಯ, ಬ್ರೇಕು ಹಿಡಿಯುವ ಅಭ್ಯಾಸ ಇರಲಿಲ್ಲ. ನೋಣಯ್ಯನವರ ಅಪ್ಪ ಅಂಗಳದಲ್ಲಿ ಕೂತು ತೆಂಗಿನಕಾಯಿ ಸುಲಿಯುತ್ತಿದ್ದರು. ಎದ್ದು ನನ್ನ ಎದುರು ಬಂದು ನಿಂತರು. ಬೈಯಲಿಲ್ಲ. ನನ್ನ ಎರಡೂ ಕಾಲು ನೆಲಕ್ಕೆ ತಾಗುವವರೆಗೆ ನಿಂತರು, ಮತ್ತೆ ಹೋಗಿ ಕೂತರು. ಅಂದಿನಿಂದ ಇಂದಿನವರೆಗೆ ಆ ಅಂಗಳದಲ್ಲಿ ನಾನು ಸೈಕಲಿನ ಮೇಲೆ ಕೂತಿಲ್ಲ. ಇಳಿದು, ನೂಕಿಕೊಂಡು, ಆಚೆ ಬದಿಯ ಹಲಸಿನ ಮರ ಕಳೆದ ಮೇಲೆ ಹತ್ತುವುದು. ಅಂಗಳ ಅಂದರೆ ಮನೆಯ ಒಳಗೇ ಅಲ್ಲವೋ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ.

ಅದೇ ತಪ್ಪಾಯಿತು.

ಕಳೆದ ಡಿಸೆಂಬರಿನಲ್ಲಿ ವೇಣೂರಿನ ಚಾದ ಅಂಗಡಿಯಲ್ಲಿ ಚಿದಾನಂದ ಎಂಬ ಮೇಷ್ಟ್ರ ಪರಿಚಯ ಆಯಿತು. ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಪಾಠ ಮಾಡುವವರು, ಊರು ಗದಗದ ಕಡೆ. ಅವರ ಸೈಕಲಿಗೆ ದಪ್ಪ ಚಕ್ರ, ಕೊಂಬಿನ ಹಾಗೆ ಬಾಗಿದ ಹ್ಯಾಂಡಲು, ತೂಕ ಮಾತ್ರ ಒಂದು ಕುಂಬಳಕಾಯಿಯಷ್ಟು. ನಾನೇ ಒಂದು ಕೈಯಲ್ಲಿ ಎತ್ತಿ ನೋಡಿದೆ. ಇದು ಚರಳು ದಾರಿಯ ಸೈಕಲು, ಭಾನುವಾರ ಭಾನುವಾರ ಹತ್ತು ಹದಿನೈದು ಜನ ಸೇರಿ ಕಾಡು ದಾರಿಯಲ್ಲಿ ಹೋಗುತ್ತೇವೆ ಅಂದರು. ಏನು ಕೆಲಸಕ್ಕೆ ಅಂತ ಕೇಳಿದೆ. ಕೆಲಸ ಏನಿಲ್ಲ, ಸುಮ್ಮನೆ ಅಂದರು. ನಾನು ತುಳಿದ ದಾರಿಯಲ್ಲಿ ಸುಮ್ಮನೆ ತುಳಿಯುವವರೂ ಇದ್ದಾರೆ ಅಂತ ಆವತ್ತು ಗೊತ್ತಾಯಿತು.

ಅವರ ಮೊಬೈಲಿನ ನಕ್ಷೆಯಲ್ಲಿ ದಾರಿ ರಬ್ಬರು ತೋಟದ ಹತ್ತಿರ ಬಂದು ನಿಂತುಹೋಗುತ್ತಿತ್ತು. ನಾನು ಹೇಳುತ್ತಾ ಹೋದೆ, ಅವರು ಬರೆದುಕೊಳ್ಳುತ್ತಾ ಹೋದರು. ಎಲ್ಲಿ ಚರಳು ಜಾರುತ್ತದೆ, ಯಾವ ತೋಡಿನಲ್ಲಿ ಜನವರಿಯವರೆಗೆ ನೀರುಂಟು, ಯಾವ ಮನೆಯ ನಾಯಿ ಬರೇ ಬೊಗಳುವುದು, ಯಾವುದು ಕಚ್ಚುವುದು. ಒಬ್ಬರು ಕೂತು ಇಷ್ಟು ಆಸೆಯಿಂದ ಕೇಳಿ ಎಷ್ಟು ವರ್ಷ ಆಗಿತ್ತೋ. ಹಾಗೆ ಹೇಳುವಾಗ ಹೇಳಿದೆ:

"ಪದವು ಮುಗಿದ ಕೂಡಲೇ ನೋಣಯ್ಯನವರ ಅಂಗಳ ಬರ್ತದೆ. ಅಲ್ಲಿ ಇಳಿದು ಹೋಗಿ."

ಅವರು ತಲೆಯಾಡಿಸಿ ಬರೆದುಕೊಂಡರು.

ಜನವರಿಯ ಎರಡನೇ ಭಾನುವಾರ ನಾನು ಬೂತಾಯಿ ಮೀನು, ಸ್ವಲ್ಪ ಬಂಗುಡೆ ಕಟ್ಟಿಕೊಂಡು ಹೋದೆ. ಪದವಿನ ತುದಿಯಲ್ಲಿ ಯಾವಾಗಲೂ ರಬ್ಬರಿನ ಹಾರ್ನು ಒತ್ತುತ್ತೇನೆ, ನೋಣಯ್ಯನವರ ಹೆಂಡತಿ ವಾರಿಜಾಕ್ಷಿ ಪಾತ್ರೆ ಹಿಡಿದು ಬರುತ್ತಾರೆ. ಆವತ್ತು ಪಾತ್ರೆ ಇರಲಿಲ್ಲ, ಕೈಯಲ್ಲಿ ಹಿಡಿಸೂಡಿ ಇತ್ತು. ಕುಚ್ಚಲಕ್ಕಿಗೆ ಅಂತ ಬೇಯಿಸಿ ಚಾಪೆಯಲ್ಲಿ ಹರವಿದ ಭತ್ತದ ಮೇಲೆ ಚಕ್ರದ ಗೆರೆಗಳು. ಭತ್ತ ಅರ್ಧ ಮಣ್ಣಿಗೆ ಹೋಗಿತ್ತು. ನೋಣಯ್ಯನವರು ಜಗಲಿಯಲ್ಲಿ ಗೋಡೆ ಹಿಡಿದು ಕೂತಿದ್ದರು. ಅವರಿಗೆ ಕಣ್ಣು ಮಂಜು, ಬೆಳಿಗ್ಗೆ ಅಂಗಳದಲ್ಲಿ ಸ್ಟೂಲು ಹಾಕಿ ಬಿಸಿಲಿಗೆ ಕೂರುವುದು ವಾಡಿಕೆ. ನಾನು ಬರುವ ಮೊದಲೇ ಮೇಷ್ಟ್ರ ಗುಂಪಿನ ಹದಿನಾಲ್ಕು ಸೈಕಲು ಅವರ ಎಡದಿಂದಲೂ ಬಲದಿಂದಲೂ ಹಾದುಹೋಗಿತ್ತು. ಮೈಗೆ ತಾಗಲಿಲ್ಲ. ಕೈಯ ಕೋಲು ಚಕ್ರಕ್ಕೆ ಸಿಕ್ಕಿ ಎರಡಾಗಿತ್ತು.

ವಾರಿಜಾಕ್ಷಿ ಬೊಬ್ಬೆ ಹೊಡೆಯಲಿಲ್ಲ. ಹೊಡೆದಿದ್ದರೆ ಒಳ್ಳೆಯದಿತ್ತು.

"ಒಬ್ಬ ವಾಪಸು ಬಂದು ತಪ್ಪಾಯ್ತು ಅಂದ. ದಾರಿ ಹೇಳಿದ್ದು ಯಾರು ಕೇಳಿದೆ. ನಿಮ್ಮ ಹೆಸರು ಹೇಳಿದ, ಬ್ಯಾರಿಗಳೇ."

ಇಳಿದು ಹೋಗಲಿಕ್ಕೆ ಹೇಳಿದ್ದೆ ಅಕ್ಕ, ಅಂದೆ. ಅವರು ಗುಡಿಸುತ್ತಾ ಇದ್ದರು. ಮಂಗಳವಾರ ನಾನು ಹೋಗುವಾಗ ಪದವಿನ ತುದಿಯಲ್ಲಿ ಎರಡು ಗೂಟ, ನಡುವೆ ಮುಳ್ಳಿನ ಕಂಟಿ ಎಳೆದು ಹಾಕಿ ಆಗಿತ್ತು. ಹಾರ್ನು ಒತ್ತಿದೆ. ಯಾರೂ ಬರಲಿಲ್ಲ. ಮತ್ತೊಮ್ಮೆ ಒತ್ತಲು ಮನಸ್ಸಾಗದೆ ಮೀನು ಹಾಗೇ ವಾಪಸು ತಂದೆ.

ಮನೆಯಲ್ಲಿ ನನ್ನ ಹೆಂಡತಿ ಸೈನಬಳಿಗೆ ಹೇಳಿದೆ. ಆಕೆ ಮೀನನ್ನೂ ನನ್ನ ಮುಖವನ್ನೂ ನೋಡಿ, "ನಿಮಗೆ ಆ ಸೈಕಲಿನಿಂದ ಇಳಿಯಿರಿ ಅಂತ ನಾನು ಹೇಳಿ ಹತ್ತು ವರ್ಷ ಆಯಿತು. ನಿಮಗೆ ಅರ್ಥ ಆಗಿದೆಯೋ?" ಅಂದಳು. ನಗು ಬಂತು, ಆದರೆ ಅವಳು ತಮಾಷೆಗೆ ಹೇಳಿದ್ದಲ್ಲ. ಆ ರಾತ್ರಿ ನನಗೂ ಅನಿಸಿತು, ಮುಚ್ಚಿದ್ದೇ ಒಳ್ಳೆಯದಾಯಿತೋ ಏನೋ, ಇನ್ನು ಕೂತುಬಿಡುವ ಅಂತ. ಬೆಳಿಗ್ಗೆ ಐದಕ್ಕೆ ಎಚ್ಚರ ಆಯಿತು, ಎಂದಿನ ಹಾಗೆ. ಎಚ್ಚರ ಆದವನಿಗೆ ಹೋಗಲಿಕ್ಕೆ ಜಾಗ ಬೇಕಲ್ಲ.

ಮೇಷ್ಟ್ರಿಗೆ ಫೋನು ಮಾಡಿಸಿದೆ. ಅವರು ಮೊಬೈಲು ತಂದು ಬರೆದದ್ದನ್ನು ಓದಿ ತೋರಿಸಿದರು. "ನೋಣಯ್ಯ ಇಳಿಜಾರು. ಒಳ್ಳೆ ವೇಗ ಸಿಗುತ್ತದೆ."

"ಅಜ್ಜಾ, ಇಳಿದು ಹೋಗಿ ಅಂದ್ರಲ್ಲ ನೀವು. ಅಲ್ಲಿ ಇಳಿಜಾರು ಐತಿ ಅಂತ ತಿಳಕೊಂಡೆ," ಅಂದರು.

ಇಳಿಯುವುದು ಅಂದರೆ ನನಗೆ ಸೈಕಲಿನಿಂದ ಇಳಿಯುವುದು. ಅವರಿಗೆ ಗುಡ್ಡದಿಂದ ಇಳಿಯುವುದು. ಅವರ ಊರಿನ ನೆಲ ಚಪ್ಪಟೆ, ನಮ್ಮ ಕಡೆಯ ಇಳಿಜಾರು ಅಂದರೆ ಅವರಿಗೆ ಹಬ್ಬ. ಬೈಯಲಿಕ್ಕೆ ಏನೂ ಸಿಗಲಿಲ್ಲ.

ಮೇಷ್ಟ್ರು ಬೆತ್ತದ ಹೊಸ ಕೋಲು ತಂದರು, ನಾವಿಬ್ಬರೂ ಮುಳ್ಳು ದಾಟಿ ನಡೆದೇ ಹೋದೆವು. ವಾರಿಜಾಕ್ಷಿ ಮೊದಲು ನೀರು ಬೆಲ್ಲ ತಂದಿಟ್ಟರು. ಸಿಟ್ಟು ಇದ್ದರೂ ಬಂದವರಿಗೆ ಅದು ಕೊಡಲೇಬೇಕು. ಮೇಷ್ಟ್ರು ಕೈ ಮುಗಿದರು, ಇಳಿಜಾರಿನ ಕಥೆ ಹೇಳಿದರು. ನೋಣಯ್ಯನವರು ಕೋಲನ್ನು ನೆಲಕ್ಕೆ ಊರಿ ನೋಡಿದರು, ಉದ್ದ ಸರಿ ಉಂಟು ಅಂದರು. ಆದರೆ ಮೇಷ್ಟ್ರು ಇಂಟರ್ನೆಟ್ಟಿಗೆ ಹಾಕಿದ್ದ ಆ ನಕ್ಷೆಯನ್ನು ಆಗಲೇ ಎಷ್ಟೋ ಜನ ತೆಗೆದುಕೊಂಡಿದ್ದಾರಂತೆ. ಮೇಷ್ಟ್ರು ತನ್ನದನ್ನು ತಿದ್ದಬಹುದು, ಬೆಂಗಳೂರಿನವರ ಮೊಬೈಲಿನಲ್ಲಿ ಇದ್ದದ್ದನ್ನು ತಿದ್ದಲಿಕ್ಕೆ ಆಗುವುದಿಲ್ಲ.

ಹಾಗಾದರೆ ಮುಳ್ಳು ತೆಗೆಯುವುದಿಲ್ಲ, ಅಂದರು ವಾರಿಜಾಕ್ಷಿ. ಕೆಳಗಿನ ಮನೆಯವರು ಕೋರೆ ಸುತ್ತಿ ಹೋಗಲಿ ಅಂದರು. ನನ್ನ ಹೆಸರು ಎತ್ತಲಿಲ್ಲ.

ಆಗ ನೋಣಯ್ಯನವರು ಹೇಳಿದರು: "ಮುಳ್ಳು ಬೇಡ. ತಡಮೆ ಹಾಕು."

ತಡಮೆ ಅಂದರೆ ಹಿಂದೆ ದನ ಒಳಗೆ ಬಾರದ ಹಾಗೆ ಪ್ರತಿ ಮನೆಯ ದಾರಿಗೆ ಇದ್ದದ್ದು. ಎರಡು ಗೂಟದ ನಡುವೆ ಮೊಣಕಾಲಿನ ಎತ್ತರಕ್ಕೆ ಅಡ್ಡ ಮರ. ಮನುಷ್ಯ ಕಾಲೆತ್ತಿ ದಾಟಬಹುದು, ದನ ದಾಟುವುದಿಲ್ಲ. ಸೈಕಲಿನವನು ಇಳಿಯದೆ ಉಪಾಯ ಇಲ್ಲ. ಇಳಿಯಿರಿ ಅಂತ ಯಾವ ಭಾಷೆಯಲ್ಲೂ ಹೇಳಬೇಕಾಗಿಲ್ಲ. ಅದೇ ವಾರ ಮೇಷ್ಟ್ರೇ ಬಂದು ಗುಂಡಿ ತೋಡಿದರು, ಕೈಯೆಲ್ಲ ಬೊಕ್ಕೆ ಮಾಡಿಕೊಂಡರು. ಭಾನುವಾರ ಸೈಕಲಿನವರು ಬಂದರು. ಒಂದು ಕೈಯಲ್ಲಿ ಸೈಕಲು ಎತ್ತಿ ಆಚೆ ಇಟ್ಟು, ಹಲಸಿನ ಮರದವರೆಗೆ ನಡೆದೇ ಹೋದರಂತೆ. ಎಲ್ಲರಿಗೂ ಸಮಾಧಾನ ಆಯಿತು.

ಮಂಗಳವಾರ ನಾನು ಹೋದೆ. ತಡಮೆಯ ಎದುರು ನಿಂತಾಗ ಮಾತ್ರ ಗೊತ್ತಾಯಿತು. ನನ್ನದು ಕಬ್ಬಿಣದ ಸೈಕಲು, ಹಿಂದೆ ಮಂಜುಗಡ್ಡೆ ಹಾಕಿದ ಪೆಟ್ಟಿಗೆ. ಈ ದಾರಿಗೆ ಅಡ್ಡ ಹಾಕಿದ್ದು ಭಾನುವಾರದವರಿಗೆ, ಅಡ್ಡವಾದದ್ದು ನನಗೆ ಒಬ್ಬನಿಗೆ. ಹಗ್ಗ ಬಿಚ್ಚಿದೆ, ಪೆಟ್ಟಿಗೆ ಇಳಿಸಿ ಆಚೆ ಇಟ್ಟೆ. ಮುಂದಿನ ಚಕ್ರ ಎತ್ತಿ ಮರದ ಮೇಲೆ ಇಟ್ಟೆ. ಹಿಂದಿನದ್ದು ಎತ್ತುವಾಗ ಮೊಣಕಾಲು ಕೇಳಲಿಲ್ಲ. ಸೈಕಲು ಆ ಕಡೆಯೂ ಅಲ್ಲ, ಈ ಕಡೆಯೂ ಅಲ್ಲ. ಅದನ್ನು ಹಿಡಿದು ನಿಂತೆ. ಹಾರ್ನು ಒತ್ತಿರಲಿಲ್ಲ.

ವಾರಿಜಾಕ್ಷಿ ನೋಡಿದ್ದಿರಬೇಕು. ಪಾತ್ರೆಯನ್ನು ತುಳಸಿಕಟ್ಟೆಯ ಮೇಲೆ ಇಟ್ಟು, ಸೆರಗು ಸಿಕ್ಕಿಸಿಕೊಂಡು ಬಂದರು.

"ನಿಮಗೆ ಅಂತ ತೆಗೆದರೆ ಅವರಿಗೂ ತೆಗೆದ ಹಾಗೆ," ಅಂದರು. ತೆಗೆಯಿರಿ ಅಂತ ನಾನು ಕೇಳಿರಲಿಲ್ಲ. ಅವರು ಮುಂದಿನ ಚಕ್ರ ಹಿಡಿದರು. "ಹೂಂ, ಎತ್ತಿ."

ಇಬ್ಬರೂ ಸೇರಿ ದಾಟಿಸಿದೆವು. ಪೆಟ್ಟಿಗೆ ಮತ್ತೆ ಸೈಕಲಿಗೆ ಏರಿಸುವಾಗ ಒಂದು ಬದಿಯನ್ನೂ ಅವರೇ ಹಿಡಿದರು, ಕೈ ಮೀನಿನ ವಾಸನೆ ಆಯಿತು ಅಂತ ಗೊಣಗಿದರು. ಮತ್ತೆ ಬೂತಾಯಿ ಆರಿಸಿಕೊಂಡರು, ಎಂದಿನ ಹಾಗೆ ಎರಡು ಹೆಚ್ಚು ಹಾಕಿಸಿಕೊಂಡರು. ಮುಂದಿನ ಸಲ ಹಾರ್ನು ಒತ್ತಿ ಮಾರಾಯ್ರೆ, ಬರ್ತೇನೆ ಅಂದರು. ಬರುತ್ತಾರೆ, ಸುಳ್ಳು ಹೇಳುವವರಲ್ಲ. ಅವರಿಗೂ ಅರವತ್ತು ಕಳೆಯಿತು.

ಅಂಗಳದಲ್ಲಿ ನೂಕಿಕೊಂಡು ಹೋದೆ. ನೋಣಯ್ಯನವರು ಚಕ್ರದ ಸದ್ದಿಗೆ ಮುಖ ಎತ್ತಿದರು. ಹಲಸಿನ ಮರ ಬಂತು, ನಾನು ಹತ್ತುವ ಜಾಗ. ಕಾಲು ಎತ್ತಲು ನೋಡಿದೆ, ಎತ್ತಿದಷ್ಟು ಸಾಕು ಅನಿಸಿತು. ಹಾಗೇ ನೂಕಿದೆ.

"ಹತ್ತುವುದಿಲ್ಲವೋ?" ವಾರಿಜಾಕ್ಷಿ ಹಿಂದಿನಿಂದ ಕೇಳಿದರು.

"ಇಲ್ಲ ಅಕ್ಕ, ಇಳಿದೇ ಹೋಗ್ತೇನೆ."

"ಯಾವ ಇಳಿಯುವುದು?"

"ಎರಡೂ," ಅಂದೆ.

ಅವರು ನಕ್ಕದ್ದು ಕೇಳಿತು. ಕೆಳಗೆ ಚರಳು ಜಾರುತ್ತಿತ್ತು, ಎರಡೂ ಬ್ರೇಕು ಹಿಡಿದು ನಡೆದೆ.