ಭೀಮಬಾಯಿ ಹೋದ ದಾರಿ

ಮಶಾಕ ಸಿದಿಗೆಯ ಅಡ್ಡಗೋಲಿಗೆ ಹುರಿ ಬಿಗಿಯುತ್ತಿದ್ದಾಗ ರೇವಣಪ್ಪ ಬಂದು ಅವನ ಕೈ ಹಿಡಿದ.

"ನೀ ಬಿಡಪ್ಪ. ಮನೆತನದವ್ರು ಅದೀವಿ, ನಾವು ಕಟ್ತೀವಿ."

ಮಶಾಕ ಹುರಿ ಬಿಡಲಿಲ್ಲ. ಕಟ್ಟೆಯ ಮೇಲೆ ಊರುಗೋಲು ಹಿಡಿದು ಕುಳಿತಿದ್ದ ದೇವಿಂದ್ರಪ್ಪನ ಕಡೆ ನೋಡಿದ. ತೀರಿಕೊಂಡವಳು ದೇವಿಂದ್ರಪ್ಪನ ಹೆಂಡತಿ ಭೀಮಬಾಯಿ. ವಾಡಿಯ ಮಶಾಕನ ಗ್ಯಾರೇಜಿನಲ್ಲಿ ಎಂಜಿನ್ನಿನ ಭಾಗಗಳನ್ನು ತೊಳೆದು ಹೊಳಪು ಕೊಡುತ್ತಿದ್ದವಳು. ಮೊನ್ನೆ ಸಂಜೆಯವರೆಗೂ ಕೆಲಸ ಮಾಡಿದ್ದಳು. ನಿನ್ನೆ ಚಹಾಕ್ಕೆ ನೀರಿಟ್ಟವಳು ಒಲೆಯ ಮುಂದೆಯೇ ಕುಸಿದಿದ್ದಳು.

"ಅವನೂ ಕಟ್ಟಲಿ" ಎಂದ ದೇವಿಂದ್ರಪ್ಪ. "ಇಬ್ರೂ ಕಟ್ರಿ."

ರೇವಣಪ್ಪ ದೇವಿಂದ್ರಪ್ಪನ ತಮ್ಮ. ರಾವೂರಿನಲ್ಲಿ ಒಕ್ಕಲುತನ ಮಾಡಿಕೊಂಡಿದ್ದವನು ಈ ಮನೆಯ ಹೊಸ್ತಿಲು ತುಳಿದು ವರ್ಷಗಳೇ ಆಗಿದ್ದವು. ಅಣ್ಣನ ಮಾತು ಮೀರಲಾರದೆ ಕುಕ್ಕರಗಾಲಲ್ಲಿ ಕೂತು ಇನ್ನೊಂದು ತುದಿ ಬಿಗಿದ. ಆಮೇಲೆ ಎದ್ದು ಬಂದು ದನಿ ತಗ್ಗಿಸಿದ.

"ಅಣ್ಣಾ, ಹಿಂದಿನ ಹೊಲದ ದಾರಿಲೆ ಒಯ್ಯೋಣು. ಗ್ಯಾರೇಜ್ ರಸ್ತಾದಾಗ ಬ್ಯಾಡ."

"ಯಾಕ?"

"ಬೀಗರು ಬಂದಾರ. ನಮ್ಮನಿ ಹೆಣ್ಮಗಳು ಡ್ರೈವರ್ ಮಂದಿ ನಡುವ ಕುಂತು ಗ್ರೀಸು ತಿಕ್ಕತಿದ್ಲು ಅನ್ನೂದು ಇವತ್ತರೆ ಮುಚ್ಚಿಕೊಂಡು ಹೋಗ್ಲಿ."

ದೇವಿಂದ್ರಪ್ಪ ರಸ್ತೆಯ ಕಡೆ ಮುಖ ತಿರುಗಿಸಿದ.

* * *

ದೇವಿಂದ್ರಪ್ಪ ಶಹಾಬಾದ ಕಲ್ಲು ಸಾಗಿಸುವ ಲಾರಿ ಓಡಿಸುತ್ತಿದ್ದ. ಹಾಸುಗಲ್ಲು ಜಾರಿ ಬಿದ್ದು ಅವನು ಕಾಲು ಕಳೆದುಕೊಂಡ ವರ್ಷ ಭೀಮಬಾಯಿ ತಾನೇ ಗ್ಯಾರೇಜಿಗೆ ಹೋಗಿ ನಿಂತಳು. ಆಗಷ್ಟೇ ಗ್ಯಾರೇಜು ತೆರೆದಿದ್ದ ಮಶಾಕ, ಎಣ್ಣೆ ಧೂಳು ಸೇರಿ ಹೆಪ್ಪುಗಟ್ಟಿದ್ದ ಒಂದು ಗೇರ್‌ಬಾಕ್ಸಿನ ಮುಚ್ಚಳವನ್ನು ಅವಳ ಮುಂದಿಟ್ಟ.

ಜಿಡ್ಡು ಬೇಗ ಬಿಡಲೆಂದು ಅವಳು ಅದನ್ನು ಕಾಸ್ಟಿಕ್ ಸೋಡಾದ ನೀರಿನಲ್ಲಿ ಮುಳುಗಿಸಿದಳು. ನೀರು ನೊರೆಯುಕ್ಕಿತು. ತೆಗೆದರೆ ಮುಚ್ಚಳ ಕಲ್ಲಿದ್ದಲಿನ ಹಾಗೆ ಕಪ್ಪಾಗಿತ್ತು.

"ಅಲ್ಯುಮಿನಿಯಂ ಅದ ಅಕ್ಕ, ಸೋಡಾ ತಡಿಯಂಗಿಲ್ಲ. ಇರ್ಲಿ ಬಿಡು" ಎಂದ ಮಶಾಕ.

"ಹ್ಯಾಂಗ ಬಿಡ್ಲಿ? ಕೆಡಿಸಿದಾಕಿ ನಾನು."

ಮನೆಗೆ ಹೋಗಿ ಹುಣಸೆಹಣ್ಣು ತಂದಳು. ತಾಮ್ರದ ಕೊಡ ಬೆಳಗುವವಳಿಗೆ ಹುಳಿಯ ಗುಣ ಗೊತ್ತಿತ್ತು. ಕಪ್ಪು ಕದಲುವವರೆಗೆ ತಿಕ್ಕಿದಳು. ಆಮೇಲೆ ನುಣುಪಾದ ಪಾಲಿಶ್ ಕಾಗದವನ್ನು ನೀರಲ್ಲಿ ಅದ್ದಿ ಅದ್ದಿ ಉಜ್ಜಿದಳು. ಕೊನೆಗೆ ಹಳೆಯ ಸೀರೆಯ ತುಂಡಿನಿಂದ ತೀಡಿ, ಮುಚ್ಚಳವನ್ನು ಬಿಸಿಲಿಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

ಮಶಾಕ ಅದನ್ನು ತಿರುವಿ ತಿರುವಿ ನೋಡಿದ. "ಹೊಸಾದಿದ್ದಾಗೂ ಇದು ಹಿಂಗ ಇದ್ದಿಲ್ಲ."

"ಯಾರು ಮಾಡಿದ್ದಂತ ಕೇಳಿದ್ರ ನನ್ನ ಹೆಸರು ಹೇಳು" ಎಂದಳು ಭೀಮಬಾಯಿ.

ಅವನು ಹೇಳಿದ. ಸೇಡಂ, ಚಿತ್ತಾಪುರದ ಲಾರಿಯವರೂ ಎಂಜಿನ್ ಬಿಚ್ಚಿಸುವ ದಿನ ವಾಡಿಗೆ ಬರತೊಡಗಿದರು. ಅವಳು ಸೀಮೆಎಣ್ಣೆಯಲ್ಲಿ ನೆನೆಸಿದ ಜಿಡ್ಡನ್ನು ಕಬ್ಬಿಣದಿಂದ ಎಂದೂ ಕೆರೆಯಲಿಲ್ಲ. ಗೀರು ಬೀಳುತ್ತದೆಂದು ಕಟ್ಟಿಗೆಯ ಚೂರನ್ನೇ ಚೂಪು ಮಾಡಿಕೊಳ್ಳುತ್ತಿದ್ದಳು.

* * *

ರೇವಣಪ್ಪ ಒಮ್ಮೆ ನೇರವಾಗಿ ಗ್ಯಾರೇಜಿಗೇ ಬಂದಿದ್ದ.

"ವೈನಿ, ಏಳ್ರಿ. ಮನೀಗಿ ನಡೀರಿ. ರಾವೂರಾಗ ನಾವು ತಲಿ ಎತ್ತದಂಗ ಆಗ್ಯದ."

ಅವಳು ಕೂತಲ್ಲಿಂದಲೇ ತೊಡೆಯ ಮೇಲಿದ್ದ ಬೇರೊಂದು ಎಂಜಿನ್ನಿನ ಮುಚ್ಚಳವನ್ನು ಎತ್ತಿ ಅವನ ಮುಂದೆ ಹಿಡಿದಳು.

"ಇದ್ರಾಗ ನಿನ್ನ ಮಾರಿ ಕಾಣ್ತದೇನು?"

"ಕಾಣ್ತದ."

"ಮುಂಜಾನಿ ಇದು ಡಾಂಬರಿನ ಉಂಡಿ ಆಗಿತ್ತು, ರೇವಣಪ್ಪ. ಇದ್ರಾಗ ನಾಚಿಗಿ ಪಡೂದು ಏನದ ತೋರಿಸು. ಈಗೇ ಎದ್ದು ಬರ್ತೀನಿ."

ಅವನು ಹೊರಟುಹೋಗಿದ್ದ. ಅವಳು ಆ ಮುಚ್ಚಳವನ್ನು ಇನ್ನೊಮ್ಮೆ ತೀಡಿ ಕೆಳಗಿಟ್ಟಳು.

* * *

ಕಾಕನ ಮಾತು ಕಿವಿಗೆ ಬಿದ್ದು, ಮಗಳು ಶೈಲಶ್ರೀ ತಾಯಿಯ ತಲೆದೆಸೆಯಿಂದ ಎದ್ದು ಹೊರಗೆ ಬಂದಳು.

"ಕಾಕಾ, ಅವ್ವ ದಿನಾ ಆ ರಸ್ತಾದಾಗೇ ಕೆಲಸಕ್ಕ ಹೋಗ್ತಿದ್ಲು. ಇವತ್ತು ಕಳ್ಳರಂಗ ಹಿಂದಿನ ದಾರಿಲೆ ಒಯ್ಯಬೇಕೇನು?"

"ಹಂಗಲ್ಲವ್ವ..."

ದೇವಿಂದ್ರಪ್ಪ ಊರುಗೋಲು ಊರಿ ಎದ್ದು ನಿಂತು ತಮ್ಮನ ಕಡೆ ತಿರುಗಿದ. "ಗ್ಯಾರೇಜ್ ರಸ್ತಾ. ಮುಂದ ಮಶಾಕ ಹೆಗಲು ಕೊಡ್ತಾನ. ಅವನ ಬಾಜೂಕ ನೀ ಇರಬೇಕಂತ ನನ್ನ ಆಸೆ. ಮನಸಿಲ್ಲಂದ್ರ ಹಿಂದಿಂದ ಬಾ, ನಾ ಏನೂ ಅನ್ನಂಗಿಲ್ಲ."

ಅಂಗಳದ ಮಂದಿಯೆಲ್ಲ ರೇವಣಪ್ಪನ ಕಡೆ ನೋಡಿದರು. ಅವನು ಹೆಗಲ ಮೇಲಿನ ಟವೆಲನ್ನು ಮಡಿಸಿ, ಬಿದಿರು ಒತ್ತದಂತೆ ಇಟ್ಟುಕೊಂಡು ಬಗ್ಗಿದ.

ರಸ್ತೆಯ ಮೇಲೆ ಎಂದಿನಂತೆ ಸಿಮೆಂಟಿನ ಬಿಳಿ ಧೂಳು. ಗ್ಯಾರೇಜುಗಳೆಲ್ಲ ಬಾಗಿಲು ಹಾಕಿದ್ದವು. ಎದುರಿನಿಂದ ಕಲ್ಲು ತುಂಬಿದ ಲಾರಿಯೊಂದು ಬಂತು. ಚಾಲಕ ಮಶಾಕನನ್ನು ಗುರುತು ಹಿಡಿದು ಕಿಟಕಿಯಿಂದ ತಲೆ ಹೊರಹಾಕಿದ.

"ಯಾರು, ಮಶಾಕಭಾಯ್?"

"ಭೀಮಕ್ಕ."

ಚಾಲಕ ಲಾರಿಯನ್ನು ಬದಿಗೆ ತೆಗೆದು ಎಂಜಿನ್ ಬಂದ್ ಮಾಡಿದ. ಇಳಿದು ಚಪ್ಪಲಿ ಬಿಟ್ಟು ನಿಂತ. ಹಿಂದಿನ ಲಾರಿಯವನು ಹಾರ್ನ್ ಬಾರಿಸಿದ. ಯಾರೋ ಅವನಿಗೆ ಹೋಗಿ ಹೇಳಿದರು. ಅವನೂ ಬಂದ್ ಮಾಡಿ ಇಳಿದ. ಅವನ ಹಿಂದಿನವನೂ ಇಳಿದ.

"ಇವ್ರೆಲ್ಲ ವೈನಿಗಿ ಗೊತ್ತಿದ್ದವ್ರೇನು?" ರೇವಣಪ್ಪ ಮೆಲ್ಲಗೆ ಕೇಳಿದ.

"ಮಂದಿ ಅಷ್ಟು ಗೊತ್ತಿದ್ದಿಲ್ಲ" ಎಂದ ಮಶಾಕ. "ಇವ್ರ ಎಂಜಿನ್ ಗೊತ್ತಿದ್ವು."

ಚಾಲಕನೊಬ್ಬ ಮುಂದೆ ಬಂದು ರೇವಣಪ್ಪನಿಗೆ ಕೈಸನ್ನೆ ಮಾಡಿದ. "ದಣದೀರಿ, ನನಗ ಕೊಡ್ರಿ ಯಜಮಾನ್ರ."

"ಇರ್ಲಿಪ್ಪ" ಎಂದ ರೇವಣಪ್ಪ. "ನಮ್ಮ ವೈನಿ ಅದಾಳ. ಈ ರಸ್ತಾ ಮುಗಿಯೂತನ ನಾನೇ ಹೊರ್ತೀನಿ."

ಲಾರಿಗಳ ಸಾಲು ತಿರುವಿನಾಚೆಗೂ ನಿಂತಿತ್ತು. ಆ ರಸ್ತೆಯಲ್ಲಿ ಅಂಥ ಮೌನವನ್ನು ಯಾರೂ ಕೇಳಿರಲಿಲ್ಲ. ಸಿದಿಗೆ ಒಂದೊಂದೇ ಲಾರಿಯನ್ನು ದಾಟಿದಂತೆ, ಬಾನೆಟ್ಟುಗಳ ಒಳಗೆ ಬಿಸಿ ಎಂಜಿನ್ನುಗಳು ಆರುತ್ತ ಟಿಕ್, ಟಿಕ್ ಎನ್ನುತ್ತಿದ್ದವು.